ಗೃಹವಿಚಾರ: ಮಕ್ಕಳು ಬೆಳೆದ ಮೇಲೆ ವಿಚ್ಛೇದನ

ಬಹುಕಾಲ ಸಂಸಾರ ನಡೆಸಿದ ಗಂಡಹೆಂಡಿರು ಬೇರೆಯಾಗುವ ಸುದ್ದಿ ಹಬ್ಬಿದೊಡನೆ, "ಮಕ್ಕಳು ದೊಡ್ಡವರಾದರಲ್ಲ, ಇನ್ನೇನು ತೊಡಕು?" ಎಂದು ನೆರೆಹೊರೆಯವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಮಾತ್ರವೇ ಸತ್ಯವಿದೆ. ಹದಿನೆಂಟು ವರ್ಷ ತುಂಬದ ಮಕ್ಕಳಿಲ್ಲದಿದ್ದರೆ, ಮಗು ಯಾರ ವಶದಲ್ಲಿರಬೇಕೆಂಬ ಕಹಿಯಾದ ವ್ಯಾಜ್ಯವು ಹುಟ್ಟುವುದಿಲ್ಲ. ಆದರೆ ಉಳಿದುದೆಲ್ಲವೂ ಹಗುರವೆಂದೆಣಿಸಿ ಅವಸರದಿಂದ ರುಜು ಹಾಕಿದವರು, ಅದರಲ್ಲಿಯೂ ಸ್ವಂತ ಸಂಪಾದನೆಯಿಲ್ಲದ ಗೃಹಿಣಿಯರು, ಮುಪ್ಪಿನಲ್ಲಿ ನೆಲೆಯಿಲ್ಲದೆ ಪರಿತಪಿಸಬೇಕಾಗುವುದು. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ. ವಿಚ್ಛೇದನವನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ.

ಕನ್ನಡನಾಡಿಗೆ ಇದು ತೀರ ಹೊಸ ವಿಚಾರವೂ ಅಲ್ಲ. 1947ರಲ್ಲಿ ಬೊಂಬಾಯಿ ಪ್ರಾಂತದಲ್ಲಿ ಹಿಂದೂ ವಿಚ್ಛೇದನ ಶಾಸನವಾದಾಗ, ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾಂವಿ, ಬಿಜಾಪುರದ ಸೀಮೆಗಳಿಗೂ ಅದು ಅನ್ವಯಿಸಿತು. ಇಡೀ ದೇಶಕ್ಕೆ ಹಿಂದೂ ವಿವಾಹ ಶಾಸನವು 1955ರಲ್ಲಿ ಬಂದಿತು. ಉಭಯರ ಸಮ್ಮತಿಯಿಂದ ಬೇರೆಯಾಗುವ ಮಾರ್ಗವನ್ನು 1976ರ ತಿದ್ದುಪಡಿಯು ಅದಕ್ಕೆ ಸೇರಿಸಿತು. ಜಗಳವಿಲ್ಲದೆ ಮುಗಿಸಬೇಕೆನ್ನುವವರಿಗೆ ಇದೇ ಹಾದಿ.

ಈ ಹಾದಿಯ ಕ್ರಮ ಹೀಗಿರುವುದು. ದಂಪತಿಗಳು ಕನಿಷ್ಠಪಕ್ಷ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನ ಕೆಳಗಿದ್ದರೂ ಗಂಡಹೆಂಡಿರಂತೆ ಬಾಳದಿದ್ದರೆ ಸಾಕೆಂದು ಸುಪ್ರೀಂ ಕೋರ್ಟು 1991ರಲ್ಲಿ ತಿಳಿಸಿದೆ. ಇಬ್ಬರೂ ಕೂಡಿ ಅರ್ಜಿ ಕೊಟ್ಟು, ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗಾಗಿ, ಮತ್ತೆ ಹಾಜರಾಗಿ ತಮ್ಮ ಮನಸ್ಸು ಬದಲಾಗಿಲ್ಲವೆಂದು ತಿಳಿಸಬೇಕು. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರೇ ಆಗಲಿ ಸಮ್ಮತಿಯನ್ನು ಹಿಂದಕ್ಕೆ ಪಡೆಯಬಹುದು. ಆ ಆರು ತಿಂಗಳ ಗಡುವನ್ನು ತಕ್ಕ ಪ್ರಸಂಗಗಳಲ್ಲಿ ಬಿಟ್ಟುಕೊಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಆದರೆ ಅದಕ್ಕೆ ಮೊದಲು ಬೇರೆಯಿದ್ದ ಕಾಲ ಒಂದೂವರೆ ವರ್ಷ ಮೀರಿರಬೇಕು, ಸಂಧಾನ ವಿಫಲವಾಗಿರಬೇಕು, ಹಣಕಾಸಿನ ಇತ್ಯರ್ಥವೂ ಆಗಿರಬೇಕು.

ಈ ಕೊನೆಯ ಮಾತಿನಲ್ಲಿಯೇ ನಿಜವಾದ ತೊಡಕಿರುವುದು. ನಮ್ಮ ಕನ್ನಡನಾಡಿನಲ್ಲಿ ಗಂಡ ಗಳಿಸಿದುದರಲ್ಲಿ ಹೆಂಡತಿಗೆ ಅರ್ಧಪಾಲು ತಾನಾಗಿಯೇ ಬರುವುದೆಂಬ ನಿಯಮವಿಲ್ಲ. ಆಸ್ತಿ ಸಾಮಾನ್ಯವಾಗಿ ಯಾರ ಹೆಸರಿನಲ್ಲಿದೆಯೋ ಅವರದೇ. ಮೂವತ್ತು ವರ್ಷ ಅಡಿಗೆ ಮಾಡಿ, ಅತ್ತೆಮಾವಂದಿರ ಶುಶ್ರೂಷೆ ಮಾಡಿ, ಮಕ್ಕಳನ್ನು ಓದಿಸಿದ ಶ್ರಮವು ಮನೆಯ ಪತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಇರುವ ಪರಿಹಾರ ಜೀವನಾಂಶವೊಂದೇ. ಅದನ್ನು ಒಂದೇ ಇಡಿಗಂಟಾಗಿಯಾದರೂ, ತಿಂಗಳು ತಿಂಗಳಿಗೆಂದಾದರೂ ಪಡೆಯಬಹುದು. ಇಡಿಗಂಟು ಕೈಸೇರಿದರೆ ಮುಂದೆ ವಸೂಲಿಯ ಭಯವಿಲ್ಲ. ತಿಂಗಳ ಹಣವಾದರೆ ಪರಿಸ್ಥಿತಿ ಬದಲಾದಾಗ ಹೆಚ್ಚಿಸಿರೆಂದು ಕೇಳಬಹುದು. "ನನಗೆ ಏನೂ ಬೇಡ, ಬಿಡುಗಡೆಯಾದರೆ ಸಾಕು" ಎಂದು ಬರೆದುಕೊಡುವುದು ಸ್ವಾಭಿಮಾನದಂತೆ ಕಂಡರೂ, ಅರುವತ್ತರ ಮೇಲೆ ಔಷಧಿಯ ಖರ್ಚು ಬಂದಾಗ ಆ ಬರಹವೇ ಎದುರು ನಿಲ್ಲುವುದು. ಜೀವನಾಂಶದ ವ್ಯಾಜ್ಯ ಬಂದಲ್ಲಿ ಉಭಯರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿಧಿಸಿತು. ಒಪ್ಪಂದದಿಂದ ಬೇರೆಯಾಗುವವರೂ ರುಜುವಿಗೆ ಮೊದಲು ಅಂತಹ ಲೆಕ್ಕವನ್ನು ಪರಸ್ಪರ ಕೇಳಿಕೊಳ್ಳುವುದು ವಿವೇಕ.

ಸ್ತ್ರೀಧನವು ಜೀವನಾಂಶಕ್ಕೆ ಸೇರಿದುದಲ್ಲ. ಒಡವೆ ವಸ್ತುಗಳು ಗಂಡನ ಪೆಟ್ಟಿಗೆಯಲ್ಲಿದ್ದರೂ ಅವು ಹೆಂಡತಿಯವೇ ಎಂಬುದು 1985ರಲ್ಲಿಯೇ ಸ್ಥಿರಪಟ್ಟಿದೆ. ಅವುಗಳ ಪಟ್ಟಿಯನ್ನು ಮೊದಲೇ ಬರೆದಿಡತಕ್ಕದ್ದು. ಜಂಟಿ ಹೆಸರಿನ ಮನೆಯಲ್ಲಿ ಒಬ್ಬರು ಪಾಲು ಬಿಟ್ಟುಕೊಡುವುದಾದರೆ ಬಿಡುಗಡೆ ಪತ್ರವನ್ನು ರಿಜಿಸ್ಟ್ರಿ ಮಾಡಿಸಬೇಕೇ ಎಂಬುದನ್ನು ವಕೀಲರಿಂದ ತಿಳಿದು ಪೂರೈಸಬೇಕು. ಜಂಟಿ ಸಾಲವಿದ್ದಲ್ಲಿ, ಗಂಡಹೆಂಡಿರ ಒಪ್ಪಂದವು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕು ಒಪ್ಪಿ ಒಬ್ಬರನ್ನು ಬಿಡುವವರೆಗೂ ಇಬ್ಬರೂ ಹೊಣೆಗಾರರೇ. ವಿಮೆ, ಠೇವಣಿಗಳಲ್ಲಿ ನಾಮನಿರ್ದೇಶನವನ್ನೂ, ಬರೆದಿಟ್ಟ ಉಯಿಲನ್ನೂ ಮರೆಯದೆ ತಿದ್ದಿಸಬೇಕು.

ಇನ್ನು ಮಕ್ಕಳ ವಿಚಾರ. ತಂದೆತಾಯಿಗಳು ಬೇರೆಯಾದರೂ ಇಬ್ಬರ ಆಸ್ತಿಯಲ್ಲಿಯೂ ಮಕ್ಕಳ ವಾರಸುದಾರಿಕೆ ಕೆಡುವುದಿಲ್ಲ. ಕೆಡುವುದು ಗಂಡಹೆಂಡಿರ ಪರಸ್ಪರ ವಾರಸು ಮಾತ್ರ. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಅವಿವಾಹಿತ ಮಗಳು ವಯಸ್ಕಳಾಗಿದ್ದರೂ, ಅವಳ ಪೋಷಣೆಯ ಹೊಣೆಯನ್ನು 1956ರ ಶಾಸನವು ತಂದೆತಾಯಿಗಳ ಮೇಲಿಟ್ಟಿದೆ. ಮುಗಿಯದ ವಿದ್ಯಾಭ್ಯಾಸ, ಮದುವೆಯ ಖರ್ಚು ಇವುಗಳನ್ನೂ ಒಪ್ಪಂದದಲ್ಲಿ ಕಾಣಿಸುವುದು ಮೇಲು. ಬೆಳೆದ ಮಕ್ಕಳನ್ನು ಸಾಕ್ಷಿಗಳನ್ನಾಗಿಯೂ ದೂತರನ್ನಾಗಿಯೂ ಮಾಡಿಕೊಳ್ಳಬಾರದು. ವಯಸ್ಸು ಬಂದ ಮಾತ್ರಕ್ಕೆ ಅವರ ನೋವು ಕಡಮೆಯಾಗುವುದಿಲ್ಲ.

ಫೀಜಿಗೆ ಅಂಜುವ ಸೋದರಿಯರಿಗೆ ಒಂದು ಮಾತು: 1987ರ ಕಾನೂನು ಸೇವಾ ಶಾಸನದಂತೆ ಆದಾಯ ಎಷ್ಟೇ ಇದ್ದರೂ ಸ್ತ್ರೀಯರು ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. ಕಾಗದಕ್ಕೆ ರುಜು ಹಾಕುವುದಕ್ಕೆ ಮುಂಚೆ ಅಲ್ಲಿಗೆ ಒಮ್ಮೆ ಹೋಗಿ ಬರುವುದು ಲೇಸು.