ಫಿಲ್ಮ್ ಸಾಲದು, ಫೈಲ್ ಬೇಕು

ಎರಡು ತಿಂಗಳ ಹಿಂದೆ ನಮ್ಮ ಕಾಕಾ ಹುಮನಾಬಾದ್ ಹತ್ತಿರ ಹೈವೇಯಲ್ಲಿ ಬೈಕ್ ಮೇಲಿಂದ ಬಿದ್ದರು. ಪುಣೆ–ಹೈದರಾಬಾದ್ ರಸ್ತೆಯ ಲಾರಿಗಳು ಗೊತ್ತಲ್ಲ! ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಆದರೆ ಬಲಗಡೆ ಸೊಂಟದ ಕೀಲಿನ ಬಟ್ಟಲು, ಅಂದರೆ ತೊಡೆ ಎಲುಬಿನ ಗುಂಡು ಕೂಡುವ ಜಾಗ, ಒಡೆದಿತ್ತು. ಡಾಕ್ಟರ್‌ಗಳು ಅದನ್ನು ಅಸೆಟಾಬುಲಮ್ ಅಂತಾರೆ.

ಕಲಬುರಗಿಯ ಸರ್ಜನ್ ಸಿ.ಟಿ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಫಿಲ್ಮ್ ಸಾಲದು, ಡೇಟಾ ಬೇಕು. ಎಲುಬಿನ ಮಾಡೆಲ್ ಪ್ರಿಂಟ್ ಮಾಡಿಸಿ, ಪ್ಲೇಟ್ ಮೊದಲೇ ಬಗ್ಗಿಸಿಟ್ಟುಕೊಳ್ಳೋಣ" ಅಂದರು.

ಈ ಬಟ್ಟಲಿನ ಮುರಿತಗಳಲ್ಲಿ 10 ಬಗೆ ಇವೆ: 5 ಸರಳ, 5 ಕೂಡುಮುರಿತ. ಫ್ರಾನ್ಸಿನ ಜೂಡೆ ಮತ್ತು ಲೆಟೂರ್ನೆಲ್ 1964ರಲ್ಲಿ ಮಾಡಿದ ವಿಂಗಡಣೆಯನ್ನೇ ಇವತ್ತಿಗೂ ಬಳಸುತ್ತಾರೆ. ಒಳಗಿನ ತಿರುವಿಗೆ ತಕ್ಕಂತೆ ಲೋಹದ ಪ್ಲೇಟ್ ಬಗ್ಗಿಸಬೇಕು. ಮಾಡೆಲ್ ಇಲ್ಲದಿದ್ದರೆ ಆ ಕೆಲಸ ಪೇಷಂಟ್ ಟೇಬಲ್ ಮೇಲಿದ್ದಾಗಲೇ ಆಗಬೇಕು. ಇದ್ದರೆ ಹಿಂದಿನ ದಿನವೇ ಮುಗಿಯುತ್ತದೆ. ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ಆಟೋಕ್ಲೇವ್ 121 ಡಿಗ್ರಿ ದಾಟುತ್ತದೆ. ಹಾಗಾಗಿ ಓ.ಟಿ. ಒಳಗೆ ಸ್ಟೆರಿಲೈಸ್ ಆಗಿ ಹೋಗುವುದು ಪ್ಲೇಟ್ ಮಾತ್ರ.

ಮನೆಗೆ ಬಂದು ಸಿ.ಡಿ.ಯನ್ನು 3ಡಿ ಸ್ಲೈಸರ್‌ನಲ್ಲಿ ತೆರೆದೆ. ಪುಕ್ಕಟೆ ಸಾಫ್ಟ್‌ವೇರ್, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸಿ.ಟಿ.ಯಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ: ಗಾಳಿಗೆ -1000, ನೀರಿಗೆ 0, ಎಲುಬಿಗೆ ನೂರಾರು. ಸುಮಾರು 200ಕ್ಕಿಂತ ಮೇಲಿನದನ್ನು ಆರಿಸಿದರೆ ಎಲುಬು ಎದ್ದು ಬರುತ್ತದೆ. ಬಂತು, ಆದರೆ ಮೆಟ್ಟಿಲು ಮೆಟ್ಟಿಲಾಗಿ! ಸ್ಲೈಸ್ 5 ಮಿ.ಮೀ. ದಪ್ಪ. ಈ ಕೀಲಿನಲ್ಲಿ 2 ಮಿ.ಮೀ. ಏರುಪೇರೂ ಲೆಕ್ಕಕ್ಕೆ ಬರುತ್ತದೆ.

ಮಷೀನಿನ ಕಚ್ಚಾ ಡೇಟಾ ಇದ್ದರೆ ಅದರಿಂದಲೇ 1 ಮಿ.ಮೀ. ಸ್ಲೈಸ್ ತೆಗೆಯಬಹುದು. ಬೆಳಿಗ್ಗೆ ಬಸವಕಲ್ಯಾಣದಿಂದ ಪೆನ್‌ಡ್ರೈವ್ ಹಿಡಿದು ಹುಮನಾಬಾದಿನ ಸ್ಕ್ಯಾನ್ ಸೆಂಟರಿಗೆ ಓಡಿದೆ. "ಜಾಗ ತುಂಬಿದ್ರ ಹಳೀದೆಲ್ಲಾ ಅಳಿಸಿ ಹೋಗ್ತದ್ರಿ ಸರ್. ಮೊದಲನೇ ದಿನಾನೇ ಕೇಳ್ಬೇಕಿತ್ತು" ಅಂದ ಟೆಕ್ನಿಷಿಯನ್. ಸ್ಕ್ಯಾನ್ ಆಗಿ ಬರೀ ನಾಲ್ಕು ದಿನ. ನಮಗೆ ಕೇಳಬೇಕು ಅಂತ ಹೇಳಿದವರು ಯಾರು?

ಕಾಕಾನನ್ನು ಮತ್ತೆ ಸ್ಟ್ರೆಚರ್ ಮೇಲೆ ಹೊರಳಿಸಿ, ಮತ್ತೆ ಸ್ಕ್ಯಾನ್. ಮತ್ತೆ ನೋವು, ಮತ್ತೆ ರೇಡಿಯೇಷನ್, ಮತ್ತೆ ದುಡ್ಡು. ಮೂರು ವಾರ ಕಳೆದರೆ ಎಲುಬು ತಪ್ಪಾಗಿಯೇ ಬೆಸೆಯತೊಡಗಿ, ಕೂಡಿಸುವುದು ಕಷ್ಟ. ನಾವು ದಿನ ಎಣಿಸುತ್ತಿದ್ದೆವು.

ಬೆಂಗಳೂರಿನಲ್ಲಿ ಓಸ್ಟಿಯೋ3ಡಿಯಂಥ ಕಂಪನಿಗಳು ಇದೇ ಕೆಲಸ ಮಾಡುತ್ತವೆ. ಫೈಲ್ ಇಂಟರ್‌ನೆಟ್‌ನಲ್ಲಿ ಬೆಂಗಳೂರಿಗೆ ಹೋಯಿತು, ಎಲುಬು ರಾತ್ರಿ ಬಸ್ಸಿನಲ್ಲಿ ಬಂತು. ಒಡೆದ ಬಲಗಡೆಯ ಜೊತೆಗೆ, ಗಟ್ಟಿಯಿದ್ದ ಎಡಗಡೆಯ ಕನ್ನಡಿ ಪ್ರತಿ. ಪ್ಲೇಟ್ ಬಗ್ಗಿಸಲು ಅದೇ ಅಳತೆ.

ಅಲ್ಲಿಯವರೆಗೂ ಕಾಕಾ, "ಆಪರೇಷನ್ ಬ್ಯಾಡ, ಕಟ್ಟು ಕಟ್ಟಿಸ್ರಿ" ಅಂತಲೇ ಹಟ ಹಿಡಿದಿದ್ದರು. ಮಾಡೆಲ್ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. ಬಿರುಕಿನೊಳಗೆ ಉಗುರು ಹಾಕಿದರು.

"ಇದು ನಂದೇ ಏನೋ ತಮ್ಮಾ?"

"ಹೂಂ ಕಾಕಾ, ನಿಮ್ದೇ ಅಳತಿ."

"ಇಷ್ಟು ಒಡದದಾ? ಇದಕ್ಕ ಹೊರಗಿಂದ ಕಟ್ಟು ಕಟ್ಟಿದ್ರ ಏನಾಯ್ತದ?" ಅಂದು, ಪೆನ್ನು ಕೇಳಿ ಸಹಿ ಹಾಕಿದರು. ಅದೇ ಮಾತನ್ನು ನಾವು ವಾರದಿಂದ ಹೇಳುತ್ತಿದ್ದೆವು!

ಪ್ಲಾಸ್ಟಿಕ್ ಎಲುಬಿಗೆ ನರ, ರಕ್ತನಾಳ, ಸ್ನಾಯು ಇರುವುದಿಲ್ಲ. ಅವನ್ನು ಸಂಭಾಳಿಸುವುದು ಸರ್ಜನ್ ಕೈಯೇ. ಮಾಡೆಲ್ ದಾರಿಯನ್ನು ಮೊದಲೇ ತೋರಿಸುತ್ತದೆ, ಅಷ್ಟೇ.

ಆದ್ದರಿಂದ ಒಂದು ಮಾತು ನೆನಪಿಡಿ. ಮನೆಯಲ್ಲಿ ಯಾರಿಗಾದರೂ ಕೀಲು ಒಡೆದು ಸಿ.ಟಿ. ಆದರೆ, ಅವತ್ತೇ ಕೇಳಿ: "ಡೈಕಾಮ್ ಡೇಟಾ ಕೊಡಿ, 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್." ಎರಡು ಕಡೆ ಕಾಪಿ ಇಟ್ಟುಕೊಳ್ಳಿ.

ಕಾಕಾ ಈಗ ವಾಕರ್ ಹಿಡಿದು ಅಂಗಳದ ತನಕ ಬರ್ತಾರೆ. ಆ ಕಾಲಿಗೆ ಪೂರ್ತಿ ಭಾರ ಹಾಕಲು ಡಾಕ್ಟರ್ ಇನ್ನೂ ಬಿಟ್ಟಿಲ್ಲ. ಮಾಡೆಲ್ ಟಿ.ವಿ. ಪಕ್ಕ ಕೂತಿದೆ, ನೋಡಲು ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದೇ ಸಿಗುತ್ತದೆ.