ಮಲೆನಾಡಿನ ಸಿಡಿಲು: ಮುನ್ಸೂಚನೆ ಜಿಲ್ಲೆಗೆ, ಅಪಾಯ ತೋಟಕ್ಕೆ

ಬೆಂಗಳೂರು: ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಮಲೆನಾಡಿನ ಹಗಲು ಬಹುಮಟ್ಟಿಗೆ ಒಂದೇ ಬಗೆಯದು. ಬೆಳಿಗ್ಗೆ ನಿರ್ಮಲ ಆಕಾಶ, ನಡುಹಗಲಿಗೆ ಧಗೆ, ಮೂರು ಗಂಟೆಯ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಕಾರ್ಮೋಡ, ಬಳಿಕ ಗುಡುಗು, ಸಿಡಿಲು. ಇಷ್ಟು ನಿಯತವಾಗಿ ಬರುವ ಮಳೆಯನ್ನು ಮುಂಚಿತವಾಗಿ ಹೇಳುವುದು ಸುಲಭವೆಂದು ತೋರಬಹುದು. ಆದರೆ ಅದು ಯಾವ ಊರಿನ ಮೇಲೆ ಎರಗಲಿದೆ ಎಂಬ ಪ್ರಶ್ನೆಗೆ ಹವಾಮಾನಶಾಸ್ತ್ರ ಬೆಳಿಗ್ಗೆಯೇ ಉತ್ತರ ನೀಡಲಾರದು.

ಮೋಡ ಕಟ್ಟುವ ಪರಿ

ಬಿಸಿಲಿಗೆ ಘಟ್ಟದ ಇಳಿಜಾರು ಕಾದಂತೆ ಅದರ ಮೇಲಿನ ಗಾಳಿ ಏರತೊಡಗುತ್ತದೆ. ಅರಬ್ಬೀ ಸಮುದ್ರದ ತೇವಭರಿತ ಗಾಳಿಯೂ ಕರಾವಳಿ ದಾಟಿ ಅದೇ ಇಳಿಜಾರನ್ನು ಹತ್ತುತ್ತದೆ. ಮೇಲ್ಪದರದಲ್ಲಿ ತಂಪು ಹೆಚ್ಚಿದ್ದ ದಿನ ಮೋಡ 12ರಿಂದ 15 ಕಿ.ಮೀ. ಎತ್ತರಕ್ಕೆ ಬೆಳೆಯುವುದುಂಟು. ಆದರೆ ಅಂತಹ ಒಂದು ಮೋಡದ ಅಗಲ ಕೆಲವೇ ಕಿ.ಮೀ., ಆಯುಷ್ಯ ಸಾಮಾನ್ಯವಾಗಿ ಒಂದು ತಾಸಿನೊಳಗೆ. ಒಂದು ಊರು ತೊಯ್ದರೆ ಪಕ್ಕದ ಊರು ಒಣಗಿರುವುದು ಇದೇ ಕಾರಣಕ್ಕೆ.

2025ರ ಮೇ 26ರಂದು ರಾಷ್ಟ್ರಕ್ಕೆ ಸಮರ್ಪಿತವಾದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಭೂಮಿಯನ್ನು 12 ಕಿ.ಮೀ. ಬದಲು 6 ಕಿ.ಮೀ. ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಇದು ಮಹತ್ವದ ಹೆಜ್ಜೆ. ಆದರೂ ಇಡೀ ಮೋಡವೇ ಒಂದು ಚೌಕದೊಳಗೆ ಅಡಗಬಲ್ಲದು. ಕಿರು ಕಣಿವೆ, ಶಿಖರಗಳೂ ಲೆಕ್ಕದಲ್ಲಿ ಸಪಾಟಾಗುತ್ತವೆ. ಹುಟ್ಟಿದ ಮೋಡವನ್ನು ಹಿಂಬಾಲಿಸುವ ರಾಡಾರ್‌ಗೂ ಮಿತಿಯಿದೆ. ಬೆಟ್ಟಗಳು ಅದರ ಕಿರಣಕ್ಕೆ ಅಡ್ಡ ಬರುತ್ತವೆ. ಭೂಮಿಯ ವಕ್ರತೆಯಿಂದಾಗಿ, ಅತಿ ತಗ್ಗಿನ ಕಿರಣವೂ 200 ಕಿ.ಮೀ. ದೂರದಲ್ಲಿ ಸುಮಾರು 4 ಕಿ.ಮೀ. ಎತ್ತರಕ್ಕೇರಿರುತ್ತದೆ. ಅದರ ಕೆಳಗೆ ನಡೆಯುವುದು ಕಾಣದು.

ಉಳಿಯುವ ಕಾಲಾವಕಾಶ

ಹೀಗಾಗಿ ಹಿಂದಿನ ದಿನ ಹೊರಡುವ ಹಳದಿ, ಕಿತ್ತಳೆ ಎಚ್ಚರಿಕೆ ಜಿಲ್ಲೆಗೆ ಸೀಮಿತ. ಸ್ಥಳದ ಸುಳಿವು ಸಿಗುವುದು ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆ ನೀಡುವ ಸೂಚನೆಯಲ್ಲಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ 20ರಿಂದ 40 ಕಿ.ಮೀ. ಸುತ್ತಳತೆಯ ಸಿಡಿಲಿನ ಮಾಹಿತಿ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ‘ಸಿಡಿಲು’ ಎಂಬ ಆ್ಯಪ್ ರೂಪಿಸಿತ್ತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ನೈಸರ್ಗಿಕ ವಿಕೋಪಗಳ ಪೈಕಿ ಅತಿ ಹೆಚ್ಚು ಸಾವು ಇದರದ್ದೇ. ಬಯಲಿನಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು. ಕಾಫಿ ತೋಟದ ಕಾರ್ಮಿಕರಿಗೆ ಆಸರೆಯಂತೆ ಕಾಣುವ ಎತ್ತರದ ಸಿಲ್ವರ್ ಓಕ್ ಮರವೇ ಸಿಡಿಲನ್ನು ಸೆಳೆಯಬಲ್ಲದು. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಲ್ಲಿ ಅರ್ಧ ಗಂಟೆ ಮುಂಚಿನ ಸಂದೇಶದಿಂದ ಪ್ರಯೋಜನವೇನು?

ಹೊಸ ರಾಡಾರ್‌ಗಳು, ಇನ್ನಷ್ಟು ಸೂಕ್ಷ್ಮ ಲೆಕ್ಕಾಚಾರ ಅಗತ್ಯವೇ ಸರಿ. 2024ರ ಸೆಪ್ಟೆಂಬರ್‌ನಲ್ಲಿ 2,000 ಕೋಟಿ ರೂ. ವೆಚ್ಚದ ‘ಮಿಷನ್ ಮೌಸಮ್’ಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ್ದು ಇದಕ್ಕಾಗಿಯೇ. ಆದರೆ ಜೀವ ಉಳಿಸುವ ಕೊನೆಯ ಕೊಂಡಿ ಗ್ರಾಮ ಪಂಚಾಯಿತಿಯ ಧ್ವನಿವರ್ಧಕ ಮತ್ತು ತೋಟದ ಮಾಲೀಕರ ನಿರ್ಧಾರ. ಹಳದಿ ಎಚ್ಚರಿಕೆಯ ದಿನ ಬಯಲಿನ ಕೆಲಸವನ್ನು ಬೇಗ ಆರಂಭಿಸಿ ನಡುಹಗಲಿಗೇ ಮುಗಿಸುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ ಏರುವ ನಗರವಾಸಿಗಳಿಗೂ ಇದೇ ಮಾತು ಅನ್ವಯ: ಮೋಡ ಕಟ್ಟುವ ಮುನ್ನವೇ ಶಿಖರದಿಂದ ಇಳಿದಿರಬೇಕು.