ನೀಲಗಿರಿ ಎಣ್ಣೆ: ಸೀಸೆಯ ಮೇಲೆ ಇರಬೇಕಾದ ವಿವರ

ಮಳೆಗಾಲದ ಮೊದಲ ನೆಗಡಿಯೊಂದಿಗೆ ಅನೇಕ ಮನೆಗಳಲ್ಲಿ ನೀಲಗಿರಿ ಎಣ್ಣೆಯ ಪುಟ್ಟ ಸೀಸೆ ಹೊರಬರುತ್ತದೆ. ಕರವಸ್ತ್ರಕ್ಕೆ ಎರಡು ಹನಿ ಹಾಕಿ ಆಘ್ರಾಣಿಸಿದರೆ ಕಟ್ಟಿದ ಮೂಗಿಗೆ ಹಾಯೆನಿಸುತ್ತದೆ. ಎಳ್ಳೆಣ್ಣೆಯಲ್ಲಿ ಬೆರೆಸಿ ಮೊಣಕಾಲಿಗೆ ತಿಕ್ಕುವವರುಂಟು. ನೆಲ ಒರೆಸುವ ನೀರಿಗೆ ಸೇರಿಸುವವರೂ ಉಂಟು. ಹೊಸ ಪಾತ್ರೆಯ ಮೇಲಿನ ಚೀಟಿಯ ಗೋಂದನ್ನು ಬಿಡಿಸಲು ಇದಕ್ಕಿಂತ ಸುಲಭೋಪಾಯ ಗೃಹಿಣಿಯರಿಗೆ ಬೇಕಿಲ್ಲ. ಇಷ್ಟು ಬಹೂಪಯೋಗಿಯಾದ ಸರಕನ್ನು ಚಿಲ್ಲರೆ ಪೇಟೆ ಮಾರುವ ರೀತಿ ಮಾತ್ರ ತೃಪ್ತಿಕರವಾಗಿಲ್ಲ.

ಆಸ್ಟ್ರೇಲಿಯಾ ಮೂಲದ ಈ ಮರ 1843ರಲ್ಲಿ ನೀಲಗಿರಿ ಬೆಟ್ಟಗಳಿಗೆ ಬಂದಿತು. ಬೆಟ್ಟದ ಹೆಸರೇ ಕನ್ನಡದಲ್ಲಿ ಮರಕ್ಕೂ ಎಣ್ಣೆಗೂ ನಿಂತಿತು. ತೊಡಕು ಆರಂಭವಾಗುವುದೂ ಈ ಹೆಸರಿನಿಂದಲೇ. ಯೂಕಲಿಪ್ಟಸ್ ಗ್ಲಾಬ್ಯುಲಸ್ ಎಲೆಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ದೊರೆಯುವ ತೈಲದ ಔಷಧೀಯ ಗುಣ ಬಹುಮಟ್ಟಿಗೆ ಸಿನಿಯೋಲ್ ಎಂಬ ಅಂಶದ್ದು. ಯೂರೋಪಿನ ಔಷಧ ಸಂಹಿತೆ ಅದು ಕನಿಷ್ಠ ಶೇ. 70ರಷ್ಟು ಇರಬೇಕೆನ್ನುತ್ತದೆ. ಆದರೆ ನಿಂಬೆಯ ಪರಿಮಳವುಳ್ಳ ಸಿಟ್ರಿಯೊಡೊರ ಜಾತಿಯ ತೈಲದಲ್ಲಿ ಸಿಟ್ರೊನೆಲಾಲ್‌ನದೇ ಪ್ರಾಧಾನ್ಯ. ಅದು ಸಾಬೂನಿಗೆ, ಸುಗಂಧದ್ರವ್ಯಕ್ಕೆ ಸಲ್ಲುತ್ತದೆಯೇ ಹೊರತು ನೆಗಡಿಗಲ್ಲ. (ಕೋಲಾರದ ಬಯಲಿನಲ್ಲಿ ಹಬ್ಬಿದ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ ನೀಲಗಿರಿ ಬೇರೆಯೇ, ಅದನ್ನು ಬೆಳೆದದ್ದು ಕಂಬಕ್ಕೆ ಮತ್ತು ಕಾಗದದ ತಿರುಳಿಗೆ.) ಸೀಸೆಯ ಮೇಲೆ 'ಶುದ್ಧ ನೀಲಗಿರಿ ಎಣ್ಣೆ' ಎಂದಷ್ಟೇ ಇದ್ದರೆ ಗ್ರಾಹಕ ಯಾವುದನ್ನು ಕೊಂಡನೆಂದು ತಿಳಿಯುವುದಾದರೂ ಹೇಗೆ?

ಎರಡನೆಯ ಲೋಪ ಇನ್ನೂ ಗಂಭೀರ. ನೈಸರ್ಗಿಕವೆಂದ ಮಾತ್ರಕ್ಕೆ ಇದು ನಿರಪಾಯಕಾರಿಯಲ್ಲ. ಕೆಲವೇ ಮಿಲಿಲೀಟರ್ ಎಣ್ಣೆ ಎಳೆಯ ಮಕ್ಕಳ ಹೊಟ್ಟೆ ಸೇರಿದರೂ ಮಂಪರು, ಸೆಳವು ಉಂಟಾಗಬಹುದು. ಶಿಶುಗಳ ಮೂಗಿನ ಬಳಿ ಹಚ್ಚುವುದೂ ಸಲ್ಲದು. ಅಪಸ್ಮಾರ ರೋಗಿಗಳು ಇದರಿಂದ ದೂರವಿರುವುದು ಲೇಸು. ಹೀಗಿರುವಾಗ ಮಗುವಿನ ಕೈಗೂ ಸುಲಭವಾಗಿ ತೆರೆದುಕೊಳ್ಳುವ ಮುಚ್ಚಳ, ಎಚ್ಚರಿಕೆಯ ಒಂದು ಸಾಲೂ ಇಲ್ಲದ ಚೀಟಿ ಎಷ್ಟರಮಟ್ಟಿಗೆ ಸರಿ?

ಭದ್ರವಾದ ಮುಚ್ಚಳ, ಹನಿಹನಿಯಾಗಿ ಬೀಳುವ ಬಾಯಿ ಇವುಗಳಿಂದ ವೆಚ್ಚ ಹೆಚ್ಚುವುದೆಂಬ ಸಣ್ಣ ಉತ್ಪಾದಕರ ಆಕ್ಷೇಪ ಸುಳ್ಳಲ್ಲ. ಆದರೆ ಮರದ ಜಾತಿ, ಸಿನಿಯೋಲ್ ಪ್ರಮಾಣ, 'ಬಾಹ್ಯೋಪಯೋಗಕ್ಕೆ ಮಾತ್ರ, ಮಕ್ಕಳಿಂದ ದೂರವಿಡಿ' ಎಂಬ ಸೂಚನೆ ಇವನ್ನು ಕನ್ನಡದಲ್ಲಿ ಮುದ್ರಿಸಲು ಶಾಯಿಗಿಂತ ಹೆಚ್ಚೇನೂ ಖರ್ಚಾಗದು. ವಿದೇಶದ ಗಿರಾಕಿ ಕೇಳಿದರೆ ವಿಶ್ಲೇಷಣಾ ಪತ್ರ ಒದಗಿಸುವುದು ಈ ವ್ಯಾಪಾರದಲ್ಲಿ ವಾಡಿಕೆಯೇ ಆಗಿದೆ. ಊರಿನ ಗಿರಾಕಿ ಕೇಳುವುದಿಲ್ಲ, ಅಷ್ಟೇ.